ಹಿಂದಿನ ಸೀಟಿಗೆ ಯಾರರ ಬರ್ರಿ

ಪೇಪರ್‌ನಾಗ ನೀವೂ ನೋಡಿರ್ತೀರಿ, ನಾ ಹೊಸದಾಗಿ ಹೇಳೋದೇನಿಲ್ಲ. ನಿರುದ್ಯೋಗಿ ಯುವಕರಿಗೆ ಉಚಿತ ಟ್ಯಾಕ್ಸಿ ಚಾಲನಾ ತರಬೇತಿ, 30 ದಿನ, ಊಟ ವಸತಿ ಫ್ರೀ, ಕೊನಿಗೊಂದು ಸರ್ಟಿಫಿಕೇಟ್. ಜಾಹೀರಾತಿನಾಗ ಬಿಳಿ ಅಂಗಿ ಹಾಕ್ಕೊಂಡ ಹುಡುಗ ಒಬ್ಬ ಹಲ್ಲು ಕಿಸಕೊಂಡು ಸ್ಟೇರಿಂಗ್ ಹಿಡಿದು ಕುಂತಾನ. ಸರಿಯಾಗಿ ನೋಡಿದ್ರ ಸ್ಟೇರಿಂಗ್ ಎಡಕ್ಕ ಅದ. ಅಂದ್ರ ಅವ ಅಮೆರಿಕಾದಾಗೋ ಎಲ್ಲೋ ಟ್ಯಾಕ್ಸಿ ಹೊಡಿಲಿಕತ್ತಾನ, ಅದಕ್ಕೇ ಅಷ್ಟು ನಗು ಬಂದದ. ನಮ್ಮ ರಾಯಚೂರಿನ ಮೇ ತಿಂಗಳದಾಗ ಏಸಿ ಕೆಟ್ಟ ಗಾಡ್ಯಾಗ ಲಿಂಗಸುಗೂರು ತನಕ ಹೋಗಿ ಬಾ ಅನ್ರಿ ಅವನಿಗೆ, ಹಲ್ಲು ಎಷ್ಟು ಕಾಣ್ತಾವ ನೋಡೋಣು.

ಇರ್ಲಿ, ಯೋಜನಾ ಭಾಳ ಚಲೋ ಅದ. ಇಷ್ಟು ವರ್ಷ ನಮ್ಮ ಕಡೆ ಕೆಲ್ಸ ಯಾಕಿಲ್ಲ ಅಂತ ದೊಡ್ಡ ದೊಡ್ಡವರು ತಲಿ ಕೆಡಿಸ್ಕೊಂಡ್ರು. 2002ರಾಗ ಹಿಂದುಳಿದ ತಾಲೂಕುಗಳ ಮ್ಯಾಲ ನಂಜುಂಡಪ್ಪ ವರದಿ ಬಂತು, 2012ರಾಗ ಸಂವಿಧಾನಾನೇ ತಿದ್ದಿ ನಮ್ಮ ಭಾಗಕ್ಕ ನೌಕರಿ, ಸೀಟಿನಾಗ ಮೀಸಲಾತಿ ಅಂತ 371ಜೆ ಕೊಟ್ರು, 2019ರಾಗ ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು ತಗದು ಕಲ್ಯಾಣ ಅಂತ ಇಟ್ರು. ಒಬ್ಬರಿಗೂ ಹೊಳಿಲಿಲ್ಲ, ತೊಂದರಿ ಇದ್ದದ್ದು ಕ್ಲಚ್‌ನಾಗ.

ಆದ್ರ ಒಂದು ಮಾತು. ನಮ್ಮ ಹುಡುಗುರಿಗೆ ಗಾಡಿ ಹೊಡಿಲಿಕ್ಕೆ ಬರೋದಿಲ್ಲ ಅಂತ ಇವರಿಗೆ ಹೇಳಿದವರು ಯಾರ್ರಿ? ಭತ್ತದ ಸುಗ್ಗಿಯಾಗ ಸಿಂಧನೂರು ಕಡೆ ಒಂದು ರೌಂಡ್ ಹೋಗಿ ಬರ್ರಿ. ಮೀಸಿ ಇನ್ನೂ ಸರಿಯಾಗಿ ಬಂದಿರೋದಿಲ್ಲ, ಟ್ರೇಲರ್ ತುಂಬ ಚೀಲ ಹೇರ್ಕೊಂಡು ಕೆನಾಲ್ ದಂಡಿ ಮ್ಯಾಲ ರಿವರ್ಸ್ ತಗೋತಿರ್ತಾನ, ಒಂದು ಕೈಯಾಗ ಸ್ಟೇರಿಂಗ್ ಇನ್ನೊಂದು ಕೈಯಾಗ ಫೋನು, ಹಿಂದ ತಿರುಗಿ ಸೈತ ನೋಡೋದಿಲ್ಲ, ಕಿವಿಯಿಂದನೇ ರಿವರ್ಸ್. ಅದು ತಪ್ಪೇ ಖರೆ, ನಾ ಶಾಬಾಶ್ ಅನ್ಲಿಕತ್ತಿಲ್ಲ. ಅವನನ್ನ ಕರ್ಕೊಂಡು ಬಂದು ಕುರ್ಚಿ ಮ್ಯಾಲ ಕುಂದ್ರಿಸಿ ಬೋರ್ಡಿನ ಮ್ಯಾಲ ಎ ಬಿ ಸಿ ಬರದು, ಎ ಅಂದ್ರ ಆಕ್ಸಿಲರೇಟರ್, ಬಿ ಅಂದ್ರ ಬ್ರೇಕ್ ಅಂತ ಕಲಿಸ್ಲಿಕತ್ತಾರಲ್ಲ, ಆ ಧೈರ್ಯ ಮೆಚ್ಚಬೇಕು.

ನಮ್ಮ ಅಕ್ಕನ ಮಗನೂ ಹೋಗಿದ್ದ. ಎಂ.ಎ., ಬಿ.ಎಡ್. ಪಿಎಸ್‌ಐ ಆಗ್ತೀನಿ ಅಂತ 2021ರ ಅಕ್ಟೋಬರ್‌ದಾಗ 545 ಹುದ್ದೆದ ಪರೀಕ್ಷಾ ಬರದಾನ, ಅದರ ಕಥಿ ನಿಮಗ ಗೊತ್ತೇ ಅದ, ಬ್ಲೂಟೂತ್ ಇದ್ದವರು ಪಾಸಾಗಿ ಬ್ಲೂಟೂತ್ ಇಲ್ಲದವರು ಫೇಲಾಗಿ ಕೊನಿಗೆ ಎಲ್ಲಾನೂ ರದ್ದಾಗಿ ಮರುಪರೀಕ್ಷಾ ಆಗೋ ಹೊತ್ತಿಗೆ 2024ರ ಜನವರಿ ಬಂದಿತ್ತು. ಅದೇ ವರ್ಷ ಆಗಸ್ಟ್‌ದಾಗ ಕೆಎಎಸ್ ಪ್ರಿಲಿಮ್ಸ್ ಬರದ. ಅದರಾಗಿನ ಕನ್ನಡ ಎಂಥಾ ಕನ್ನಡ ಅಂದ್ರ ಕನ್ನಡ ಎಂ.ಎ. ಮಾಡಿದವ ಪ್ರಶ್ನೆ ತಿಳೀಲಿಕ್ಕೆ ಇಂಗ್ಲಿಷ್ ಓದಬೇಕಾತು. ಡಿಸೆಂಬರ್‌ದಾಗ ಮತ್ತ ಪರೀಕ್ಷಾ, ಮತ್ತ ಅದೇ ಹಾಡು. ಅಷ್ಟೊತ್ತಿಗೆ ಇವನ ತಲಿ ಕೂದಲಾ ಅರ್ಧ ಹೋಗಿತ್ತು. ಆಮ್ಯಾಲ ಈ ಜಾಹೀರಾತು ಬಂತು, "ಮಾಮಾ, ಇದಕ್ಕ ಎಂಟ್ರನ್ಸ್ ಇಲ್ಲ" ಅಂದ. ಆ ಒಂದು ಮಾತಿನಾಗ ಎಷ್ಟು ಸಮಾಧಾನ ಇತ್ತು ಅಂತೀರಿ.

ಅಲ್ಲಿ ಹನ್ನೊಂದು ಹುಡುಗುರಿಗೆ ಒಂದು ಗಾಡಿ. ಒಬ್ಬ ಹೊಡೀಬೇಕು, ನಾಕು ಮಂದಿ ಒಳಗ ಕುಂದ್ರಬೇಕು, ಉಳಿದವರು ಬೇವಿನ ಗಿಡದ ಕೆಳಗ ನಿಂತು ಗಮನಿಸಬೇಕು. ದಿನಕ್ಕ ಒಬ್ಬರಿಗೆ ಹತ್ತು ನಿಮಿಷ, ಅದೂ ಡೀಸೆಲ್ ಇದ್ರ. ಕಲಿಸೋ ಯಪ್ಪನ ಕಡೆನೂ ಒಂದು ಬ್ರೇಕ್ ಇರ್ತದಲ್ಲ, ಡ್ರೈವಿಂಗ್ ಸ್ಕೂಲ್ ಗಾಡಿಗೆ, ಆ ಯಪ್ಪ ಅದರ ಮ್ಯಾಲಿಂದ ಕಾಲು ತಗೀತಾನೇ ಇರ್ಲಿಲ್ಲಂತ. ಹುಡುಗ ಆಕ್ಸಿಲರೇಟರ್ ಒತ್ತೋದು, ಇವ ಬ್ರೇಕ್ ಒತ್ತೋದು, ಗಾಡಿ ಮುಕ್ಕರಿತಾ ಅಲ್ಲೇ ನಿಂದ್ರೋದು, ಆಮ್ಯಾಲ "ನಿನಗ ಕಾನ್ಫಿಡೆನ್ಸೇ ಇಲ್ಲಲೇ" ಅಂತ ಬಯ್ಯೋದು. ಬ್ಯಾಚಿನಾಗ ಒಬ್ಬ ಡಿಪ್ಲೊಮಾ ಮೆಕ್ಯಾನಿಕಲ್ ಹುಡುಗ ಇದ್ದ, ಅವನಿಗೆ ಗೇರ್‌ಬಾಕ್ಸ್ ಒಳಗ ಎಷ್ಟು ಹಲ್ಲು ಅವ ಅನ್ನೋದೂ ಗೊತ್ತು, ಗಾಡಿ ಯಾಕ ಮುಕ್ಕರಿತದ ಅಂತ ಹೇಳಾಕ ಹೋದ. ಅವತ್ತು ಅವನ ಪಾಳಿ ಕಟ್.

ಸಾಫ್ಟ್ ಸ್ಕಿಲ್ ಕ್ಲಾಸ್ ಬ್ಯಾರೆ. ಗಿರಾಕಿ ಹತ್ತಿದ ಕೂಡ್ಲೆ "ಗುಡ್ ಮಾರ್ನಿಂಗ್ ಸರ್, ಟೆಂಪರೇಚರ್ ಓಕೆನಾ ಸರ್" ಅನಬೇಕು. ಓಟಿಪಿ ಕೇಳಬೇಕು. ಏರ್‌ಪೋರ್ಟ್ ಪಿಕಪ್ ಹೆಂಗ ಅಂತ ಅರ್ಧ ದಿನ ಹೇಳ್ಯಾರ, ನಮ್ಮೂರಿನ ಏರ್‌ಪೋರ್ಟ್ ಯರಮರಸ್ ಕಡೆ ಕಟ್ಲಿಕತ್ತಾರ, ವಿಮಾನ ಬಂದಾಗ ಬರ್ತದ, ಬೋರ್ಡ್ ಹಿಡ್ಕೊಂಡು ನಿಂದ್ರೋದು ಈಗಿಂದನೇ ಕಲ್ತಿರಬೇಕು. ನಮ್ಮ ಊರಿನ ಗಿರಾಕಿ ಹೆಂಗಿರ್ತಾನ ಅಂತ ಮಾತ್ರ ಯಾರೂ ಹೇಳಿಲ್ಲ. ಅವ ಮುಂದಿನ ಸೀಟಿಗೇ ಹತ್ತತಾನ, ಕಿಟಕಿ ಇಳಿಸಿ ಎಲಿ ಅಡಿಕಿ ಉಗುಳ್ತಾನ, ಆಮ್ಯಾಲ ಕೇಳೋ ಮೊದಲನೇ ಪ್ರಶ್ನೆ, "ಯಾರ ಮಗನೋ ತಮ್ಮಾ ನೀ?" ಅದಕ್ಕ ಉತ್ತರ ಕೊಟ್ರಿ ಅಂದ್ರ ಮುಗೀತು, ನಿಮ್ಮಪ್ಪ ನಾವು ಒಂದೇ ಸಾಲಿಗೆ ಹೋದವರು ಅಂತ ಶುರು ಆಗ್ತದ, ಬಾಡಗಿ ಕೇಳೋ ಬಾಯಿ ಎಲ್ಲಿಂದ ಬರಬೇಕು.

ಮತ್ತ ಹತ್ತೋರು ಯಾರು ಅನ್ನೋದೇ ನನ್ನ ಪ್ರಶ್ನೆ. 2019ರಾಗ ಕಾರಿನ ಮಾರಾಟ ಬಿದ್ದಾಗ ಹಣಕಾಸು ಮಂತ್ರಿಗಳು ನಿರ್ಮಲಾ ಸೀತಾರಾಮನ್ ಅವರು ಹೇಳಿದ್ರಲ್ಲ, ಈಗಿನ ಹುಡುಗುರು ಕಾರು ತಗೋಳೋದಿಲ್ಲ, ಓಲಾ ಊಬರ್ ಹತ್ತತಾರ ಅಂತ. ಆ ಹತ್ತೋ ಹುಡುಗುರನ್ನೇ ಈಗ ಇಳಿಸಿ ಮುಂದ ಕುಂದ್ರಿಸ್ಲಿಕತ್ತಾರ. ಎಲ್ಲಾರೂ ಮುಂದ ಕುಂತ್ರ ಹಿಂದ ಯಾರ್ರಿ? ಹೆಣ್ಣುಮಕ್ಕಳು ಅಂತೂ 2023ರ ಜೂನ್ 11ರಿಂದ ಬಸ್ಸಿನಾಗ ಪುಕ್ಕಟೆ ಹೊಂಟಾರ. ಹೋಗ್ಲಿ ಬಿಡ್ರಿ, ಅವರರ ನಾಕು ಊರು ನೋಡ್ಲಿ. ಉಳಿದದ್ದು ಮದುವಿ ಸೀಜನ್ನು, ಗುರುವಾರ ಮಂತ್ರಾಲಯಕ್ಕ ಹೋಗೋರು, ಅದೂ ಆಂಧ್ರದಾಗ ಅದ, ಗಡಿ ದಾಟಿದ್ರ ಪರ್ಮಿಟ್ ತೋರ್ಸು ಅಂತ ಕೈ ಅಡ್ಡ ಬರ್ತದ.

ಹಾಂ, ಒಂದು ಗಿರಾಕಿ ಮಾತ್ರ ಎಂದೂ ಕಡಿಮಿ ಆಗೋದಿಲ್ಲ. ಪೇಷಂಟ್. ರಾತ್ರಿ ಎರಡಕ್ಕ ಎದಿ ಹಿಡ್ಕೊಂಡ್ರು ಅಂದ್ರ ಹೈದರಾಬಾದಿಗೆ ಹೊಂಡೋದೇ. ಇದರ ಮ್ಯಾಲ ಯೋಚನಿ ಮಾಡಿದಾಗ ನನಗ ಸರ್ಕಾರದ ದೂರದೃಷ್ಟಿ ತಿಳೀತು. ಏಮ್ಸ್ ಕೊಡ್ರಿ ಅಂತ ನಮ್ಮೂರಾಗ 2022ರ ಮೇ 13ರಿಂದ ಧರಣಿ ಕುಂತ್ರಲ್ಲ, ಸಾವಿರ ದಿನ ದಾಟ್ತು, ಆವಾಗ ನಾವೆಲ್ಲಾ ದಿಲ್ಲಿಯವರನ್ನ ಬೈದ್ವಿ. ತಪ್ಪಾತ್ರಿ. ಏಮ್ಸ್ ಇಲ್ಲೇ ಬಂದ್ರ ಪೇಷಂಟ್ ಆಟೋದಾಗ ಹೋಗಿಬಿಡ್ತಾನ, ತರಬೇತಿ ತಗೊಂಡ ಹುಡುಗನ ಗತಿ? ಉದ್ಯೋಗ ಸೃಷ್ಟಿ ಅಂದ್ರ ಹಿಂಗ ಇರಬೇಕು. ಅದಕ್ಕೂ ಮುಂಚೆ ಐಐಟಿ ಕೇಳಿದ್ವಿ, ಅದು ಧಾರವಾಡಕ್ಕ ಹೋತು, ನಮಗ ಇನ್ನೊಂದು ಐ ಜಾಸ್ತಿ ಹಾಕಿ ಐಐಐಟಿ ಕೊಟ್ರು. ಕೈ ದೊಡ್ಡದು ನೋಡ್ರಿ.

ಕೋಟೆ ಗೋಡೆ ನೋಡಿರಿ ಏನು ನೀವು? 1294ರ ಶಾಸನ ಕೆತ್ತಿದ ಕಲ್ಲು, 40 ಅಡಿಗಿಂತ ಉದ್ದ ಅದ. ಅಷ್ಟು ದೊಡ್ಡ ಕಲ್ಲನ್ನ ಹೆಂಗ ತಂದ್ರು ಅನ್ನೋದನ್ನೂ ಗೋಡೆ ಮ್ಯಾಲ ಚಿತ್ರ ಬಿಡಿಸ್ಯಾರ, ಉದ್ದಕ ಬಂಡಿ, ಮುಂದ ಜೋಡಿ ಜೋಡಿ ದನ ಹೂಡ್ಯಾರ, ಸುತ್ತ ಮಂದಿ ಸನ್ನೆಗೋಲು ಹಾಕಿ ಮೀಟಿ ಎಬ್ಬಿಸ್ಲಿಕತ್ತಾರ. ಬಿಸಿಲಾಗ ನಿಂತು ಆ ಚಿತ್ರ ನೋಡಿದಾಗೆಲ್ಲಾ ನನಗ ಅದರಾಗಿನ ಬಂಡಿ ಹೊಡಿಯೋನ ಮ್ಯಾಲೇ ಕಣ್ಣು ಹೋಗ್ತದ. ಏಳು ನೂರು ವರ್ಷದ ಹಿಂದಿನ ರಾಯಚೂರು ಡ್ರೈವರ್. ಅವನಿಗೆ ತರಬೇತಿ ಕೊಟ್ಟವರು ಯಾರೋ, ಸರ್ಟಿಫಿಕೇಟ್ ಅಂತೂ ಕಲ್ಲಿನ ಮ್ಯಾಲೇ ಅದ. ಬ್ಯಾರೆ ಏನೋ ಹೇಳ್ಲಿಕತ್ತಿದ್ದೆ, ಇಲ್ಲಿಗೆ ಬಂದೆ.

ಸರ್ಟಿಫಿಕೇಟ್. ಕೊನೀ ದಿನ ಪ್ರೋಗ್ರಾಂ ಇತ್ತು, ಶಾಲು, ಹಾರ, ಸ್ವಾಗತ, ವಂದನಾರ್ಪಣೆ. ಥರ್ಮಾಕೋಲ್‌ನಾಗ ಮಾಡಿದ ಮೂರಡಿ ಕೀಲಿಕೈ ಒಂದು ಇತ್ತಂತ, ಹನ್ನೊಂದು ಮಂದಿ ಒಬ್ಬರಾದ ಮ್ಯಾಲ ಒಬ್ಬರು ಅದನ್ನ ಇಸ್ಕೊಂಡು ಫೋಟೋ ತಗಸ್ಕೊಂಡು ವಾಪಸ್ ಕೊಡೋದು. ಹೊರಗ ನಿಂತಿದ್ದ ಕಾರು ಗೆಸ್ಟ್ ಬಂದಿದ್ದ ಕಾರು. ಆದ್ರೂ ನಮ್ಮೋರು ಭಾಳ ಪ್ರಾಮಾಣಿಕರಪ್ಪ, ಹನ್ನೊಂದು ಮಂದಿಗೆ ಹನ್ನೊಂದು ಫೋಟೋ ತಗದಾರ. ದಿಲ್ಲಿಯವರ ಕೌಶಲ ಯೋಜನಾ ಬಗ್ಗೆ 2025ರ ಡಿಸೆಂಬರ್‌ದಾಗ ಸಂಸತ್ತಿಗೆ ಸಿಎಜಿ ವರದಿ ಬಂತಲ್ಲ, ಅದರಾಗ ಒಂದೇ ಫೋಟೋ ಬ್ಯಾರೆ ಬ್ಯಾರೆ ರಾಜ್ಯದ ಫಲಾನುಭವಿಗಳ ಹೆಸರಿನಾಗ ಕುಂತಿತ್ತು, ಬ್ಯಾಂಕ್ ಖಾತೆ ನಂಬರ್ ಕಾಲಂನಾಗ ಬರೇ ಒಂದು ಒಂದು ಒಂದು ಒಂದು ಅಂತ ಹೊಡಿದಿದ್ರು. ಅಂಥಾದ್ರಾಗ ನಮ್ಮೋರು ಮನುಷ್ಯಾರನ್ನೇ ಕರಿಸಿ ಊಟ ಹಾಕಿ ಕಳಸ್ಯಾರ, ಇನ್ನೇನು ಬೇಕು.

ಆಮ್ಯಾಲ ಲೋನ್. ಸಬ್ಸಿಡಿ ಅದ, ಸ್ವಾವಲಂಬಿ ಸಾರಥಿ ಅಂತ ಹೆಸರೂ ಚಂದ ಅದ, ಉಳಿದದ್ದು ಬ್ಯಾಂಕಿನಾಗ ಎತ್ತಬೇಕು. ಬ್ಯಾಂಕಿನವರು "ಗ್ಯಾರಂಟಿ ಯಾರಪಾ?" ಅಂದ್ರಂತ. ನಮ್ಮ ಹುಡುಗ ಗಾಬರ್ಯಾಗಿ "ಐದು ಅವ ಸರ್" ಅಂದಾನ. ನಗಬ್ಯಾಡ್ರಿ, ಖರೇನೇ ಅಂದಾನ. ಲೈಸೆನ್ಸ್ ಕಥಿ ಇನ್ನೂ ಮಜಾ, ಸಾದಾ ಎಲ್‌ಎಂವಿ, ಅಂದ್ರ ಲಘು ವಾಹನದ ಲೈಸೆನ್ಸ್ ಇದ್ರ ಸಾಕು, 7,500 ಕೆಜಿ ಒಳಗಿನ ಬಾಡಿಗಿ ಗಾಡಿ ಹೊಡೀಬಹುದು ಅಂತ ಸುಪ್ರೀಂ ಕೋರ್ಟೇ 2024ರ ನವೆಂಬರ್‌ದಾಗ ಹೇಳ್ಯದ. ಅವನ ಕಡೆ ಅದು ಡಿಗ್ರಿ ಓದೋವಾಗಿಂದ ಅದ. ಅಂದ್ರ ತರಬೇತಿಗಿಂತ ಮುಂಚೆ ಅವ ಏನಿದ್ದನೋ ಆಮ್ಯಾಲನೂ ಅದೇ, ನಡುವ 30 ದಿನ ಅನ್ನ ಸಾರು ಉಂಡ್ಯಾನ.

ನಗಿ ಮಾಡಿ ಬರಿಲಿಕ್ಕೆ ಕುಂತಿದ್ದೆ, ಯಾಕೋ ಬ್ಯಾಸರಾತು. ರಾಜ್ಯ ಸರ್ಕಾರದಾಗ 2.5 ಲಕ್ಷಕ್ಕೂ ಮ್ಯಾಲ ಹುದ್ದೆ ಖಾಲಿ ಅವ, ತುಂಬ್ರಿ ಅಂದ್ರ ಇವತ್ತು ನಾಳೆ. ಶಾಲ್ಯಾಗ ಮಾಸ್ತರ ಇಲ್ಲ, ಬಿ.ಎಡ್. ಮಾಡಿದ ಮಾಸ್ತರ ಬೇವಿನ ಗಿಡದ ಕೆಳಗ ಪಾಳಿ ಕಾಯ್ತಾನ. ನಮ್ಮ ಮಂದಿ ಗುಳೆ ಹೋಗೋದು ಇವತ್ತಿಂದಲ್ಲ. ದೇವದುರ್ಗ, ಮಾನ್ವಿ, ಸಿರವಾರ ಕಡೆ ಊರಿಗೆ ಕ್ರೂಸರ್ ಬರ್ತದ, ಟಾಪಿನ ಮ್ಯಾಲ ಜೋಳದ ಹಿಟ್ಟಿನ ಚೀಲ, ಕೊಡ, ಹಾಸಿಗಿ ಸುತ್ತಿ, ಒಳಗ ಇಪ್ಪತ್ತು ಚಿಲ್ಲರೆ ಮಂದಿ, ಕೂಸುಗೊಳು ಕಾಲಾಗ. 2022ರ ಆಗಸ್ಟ್ 25ಕ್ಕ ಅಂಥಾದೇ ಒಂದು ಗಾಡಿ ಬೆಂಗಳೂರಿಗೆ ಹೊಂಟದ್ದು ಶಿರಾ ಹತ್ರ ಕಳ್ಳಂಬೆಳ್ಳ ಕಡೆ ಲಾರಿಗೆ ಬಡಿದು 9 ಮಂದಿ ಸತ್ರು. ಎಲ್ಲಾ ನಮ್ಮ ಜಿಲ್ಲಾದವ್ರು. ಪರಿಹಾರ ಘೋಷಣಾ ಆತು, ಸಂತಾಪ ಆತು. ಊರಾಗ ದುಡಿಮಿ ಇದ್ದಿದ್ರ ಆ ರಾತ್ರಿ ಅವರು ಮನ್ಯಾಗ ಮಲಗಿರ್ತಿದ್ರು. ಇದನ್ನ ಹೇಳಿ ಹೇಳಿ ನಮಗೂ ಸಾಕಾಗ್ಯದ, ಕೇಳೋರಿಗಂತೂ ಎಂದೋ ಸಾಕಾಗ್ಯದ.

ಹೋದ ವಾರ ನಮ್ಮ ಹುಡುಗ ಬೆಂಗಳೂರಿಗೆ ಹೋದ. ಟ್ಯಾಕ್ಸಿಗಲ್ಲ, ಅಪಾರ್ಟ್‌ಮೆಂಟ್ ಒಂದರಾಗ ಸೆಕ್ಯುರಿಟಿ ಕೆಲ್ಸ ಅದ ಅಂತ ಗೆಳೆಯ ಕರದಾನ. ಬಸ್ಸು ಫುಲ್, ಊರಿನ ಮಂದಿ ಜೋಡಿ ಕ್ರೂಸರ್ ಹತ್ಯಾನ. ಬೆಳಿಗ್ಗೆ ಮುಟ್ಟಿದ ಮ್ಯಾಲ ಫೋನ್ ಮಾಡಿದ, ದನಿ ಭಾಳ ಖುಷಿ ಇತ್ತು. ರಾತ್ರಿ ಹಿರಿಯೂರು ದಾಟಿದ ಮ್ಯಾಲ ಡ್ರೈವರ್‌ಗೆ ನಿದ್ದಿ ತಡಿಲಿಕ್ಕೆ ಆಗವಲ್ತಂತ, ಹಿಂದ ತಿರುಗಿ "ಲೈಸೆನ್ಸ್ ಇದ್ದವರು ಯಾರರ ಅದೀರೇನ್ರೋ" ಅಂತ ಕೇಳ್ಯಾನ, ಇವ ಕೈ ಎತ್ಯಾನ. ತುಮಕೂರು ತನಕ ಇವನೇ ಹೊಡಿದಾನ. ಟ್ರೇನಿಂಗ್ ಸರ್ಟಿಫಿಕೇಟ್ ಫೋನ್‌ನಾಗ ತೋರಿಸಿದ್ದಕ್ಕ ಡ್ರೈವರ್ ಅರ್ಧ ಚಾರ್ಜ್ ಬಿಟ್ಟಾನಂತ.