ಚೆಕ್‌ರೋಲಿನಲ್ಲಿ ಮಂಗಗಳು

ಮಳೆ ಹಿಡಿದು ಕೂರುವ ಕಕ್ಕಡದ ತಿಂಗಳಲ್ಲಿ ಕೊಡಗಿನವರಿಗೆ ಇರುವ ಕೆಲಸ ಮೂರೇ. ಕರೆಂಟ್ ಬಂತಾ ಎಂದು ಕೇಳುವುದು, ಒಣಗದ ಬಟ್ಟೆಯನ್ನು ಒಲೆಯ ಹತ್ತಿರ ಮಗುಚಿ ಹಾಕುವುದು, ಬಂದ ಕರೆಂಟ್ ಮತ್ತೆ ಹೋಯ್ತಾ ಎಂದು ಕೇಳುವುದು. ಈ ಸಲದ ಮಳೆಯಲ್ಲಿ ನನಗೆ ನಾಲ್ಕನೆಯದೊಂದು ಗಂಟುಬಿತ್ತು: ಒಬ್ಬ ಕಡಲ್ಗಳ್ಳನನ್ನು ಗೋಡೆಯಿಂದ ಬಿಡಿಸುವುದು.

ಕಡಲ್ಗಳ್ಳನ ಹೆಸರು ಗೈಬ್ರಷ್ ತ್ರೀಪ್‌ವುಡ್. 1990ರ ಕಂಪ್ಯೂಟರ್ ಆಟ ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ ಆಡಿದವರಿಗೆ ಇವನನ್ನು ಪರಿಚಯಿಸಬೇಕಿಲ್ಲ. ಕತ್ತಿಕಾಳಗದಲ್ಲಿ ಕತ್ತಿಗಿಂತ ನಾಲಿಗೆ ಹರಿತವಿದ್ದವನು ಗೆಲ್ಲುವ ಆ ಆಟಕ್ಕೆ ಸಾಟಿಯಿಲ್ಲ. ನಾನು ಕೂತಿದ್ದು ಅದರ ನಾಲ್ಕನೇ ಕಂತಿನ ಮುಂದೆ, 2000ದಲ್ಲಿ ಬಂದ ‘ಎಸ್ಕೇಪ್ ಫ್ರಮ್ ಮಂಕಿ ಐಲೆಂಡ್’. ಹಳೆಯದರ ಮರುರೂಪಗಳನ್ನು ಬಿಟ್ಟರೆ, ಲ್ಯೂಕಾಸ್‌ಆರ್ಟ್ಸ್ ಕಂಪನಿ ಹೊರತಂದ ಕೊನೆಯ ಅಡ್ವೆಂಚರ್ ಗೇಮ್, ಅಂದರೆ ಕಥೆಯೊಳಗೆ ಅಲೆದು ಒಗಟು ಬಿಡಿಸುವ ಆಟ, ಇದೇ. ಹಳೇ ಅಭಿಮಾನಿಗಳು ಈಗಲೂ ಇದರ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ನನಗೆ ಮಾತ್ರ ಇದರ ಮೇಲೆ ಒಂದು ಥರದ ಮಮಕಾರ.

ಮೊದಲ ಮೂರು ಆಟಗಳಲ್ಲಿ ಮೌಸ್ ಒತ್ತಿದ ಕಡೆಗೆ ಪುಣ್ಯಾತ್ಮ ತಾನಾಗಿ ನಡೆದುಹೋಗುತ್ತಿದ್ದ. ಇಲ್ಲಿ ಎಲ್ಲ ತ್ರೀಡಿ, ಮೌಸ್‌ಗೆ ಕೆಲಸವಿಲ್ಲ. ಬಾಣದ ಕೀ ಒತ್ತಿ ಒತ್ತಿ ಅವನನ್ನು ನಡೆಸಬೇಕು. ಬಾಗಿಲು ಎದುರಿಗೇ ಇರುತ್ತದೆ, ಇವನು ಪಕ್ಕದ ಪೀಪಾಯಿಗೆ ಮೂಗು ತಾಗಿಸಿ ಕಾಲು ಆಡಿಸುತ್ತಿರುತ್ತಾನೆ. ಕಕ್ಕಡ ಹದಿನೆಂಟರ ದಿನ ಅಕ್ಕನ ಮಗ ಮದ್ದುಸೊಪ್ಪಿನ ಪಾಯಸದ ಬಟ್ಟಲು ಹಿಡಿದು ನೋಡಲು ಬಂದ. ನೋಡಿದ, ನಕ್ಕ, ಚೆಲ್ಲಿದ. ನೇರಳೆ ಪಾಯಸ ಎಡಗಡೆಯ ಬಾಣದ ಸಂದಿಗೆ ಇಳಿದು ಬೆಲ್ಲದ ಅಂಟಿನಲ್ಲಿ ಕೀ ಕಚ್ಚಿಕೊಂಡಿತು. ಗೈಬ್ರಷ್ ಬುಗುರಿ ಸುತ್ತತೊಡಗಿದ. ಕೀ ಕೆಟ್ಟಿದೆ ಎಂದು ಗೊತ್ತಾಗಲು ಬಹಳ ಹೊತ್ತು ಹಿಡಿಯಿತು, ಯಾಕೆಂದರೆ ಅವನ ನಡಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇರಲಿಲ್ಲ.

ಆದರೂ ಬಿಡಲಾಗಲಿಲ್ಲ. ಕಾರಣ, ಕಥೆ. ಹನಿಮೂನ್ ಮುಗಿಸಿ ಬರುವಷ್ಟರಲ್ಲಿ ದ್ವೀಪದ ಗವರ್ನರ್ ಆಗಿದ್ದ ಇವನ ಹೆಂಡತಿ ಇಲೇನ್ ಸತ್ತಿದ್ದಾಳೆಂದು ಸರ್ಕಾರಿ ದಾಖಲೆಯಾಗಿದೆ, ಬಂಗಲೆ ಕೆಡವಲು ಜನ ಬಂದಿದ್ದಾರೆ. ಆಕೆ ಎದುರಿಗೇ ನಿಂತಿದ್ದರೂ ಕಾಗದ ಸತ್ತಿದ್ದಾಳೆ ಎನ್ನುತ್ತದೆ. ಪಹಣಿ ತಿದ್ದುಪಡಿಗೆ ಅಲೆದ ಯಾರೂ ಇದನ್ನು ಕಟ್ಟುಕಥೆ ಎನ್ನಲಾರರು. ಇನ್ನೊಂದು ಕಡೆ ಓಝೀ ಮ್ಯಾಂಡ್ರಿಲ್ ಎಂಬ ಆಸ್ಟ್ರೇಲಿಯಾದ ಕುಳ. ಕಡಲ್ಗಳ್ಳರನ್ನು ಬೈಗುಳದ ಪಂದ್ಯದಲ್ಲಿ ಸೋಲಿಸಿ ದ್ವೀಪದ ಆಸ್ತಿಗಳನ್ನೆಲ್ಲ ಬರೆಸಿಕೊಳ್ಳುತ್ತಾನೆ. ಅವನ ಊರಿನ ಬೈಗುಳ ಇವರಿಗೆ ಅರ್ಥವೇ ಆಗುವುದಿಲ್ಲ, ಉತ್ತರ ಎಲ್ಲಿಂದ ಕೊಟ್ಟಾರು? ನಮ್ಮಲ್ಲಿಗೆ ತೋಟ ಕೇಳಲು ಬರುವವರೂ ಹೀಗೇ. ‘ವ್ಯೂ ಪ್ರೀಮಿಯಂ’, ‘ಇನ್ಫಿನಿಟಿ ಪೂಲ್’ ಎಂದು ಶುರುಮಾಡಿದರೆ ಕಾಳುಮೆಣಸಿನ ರೇಟಿನಾಚೆ ವ್ಯವಹಾರ ಮಾತಾಡದ ನಮ್ಮ ಹಿರಿಯರು ಎಲ್ಲದಕ್ಕೂ ತಲೆಯಾಡಿಸಿಬಿಡುತ್ತಾರೆ.

ಓಝೀ ಕೈಗೆ ಸಿಕ್ಕ ಜಂಬಲಾಯಾ ದ್ವೀಪದಲ್ಲಿ ಕಡಲ್ಗಳ್ಳರಿಗಿಂತ ಪ್ರವಾಸಿಗರೇ ಹೆಚ್ಚು. ಅಲ್ಲೊಂದು ಕಾಫಿ ಅಂಗಡಿ, ಹೆಸರು ಸ್ಟಾರ್‌ಬಕನೀರ್ಸ್: ಸ್ಟಾರ್‌ಬಕ್ಸ್‌ಗೆ ಕಡಲ್ಗಳ್ಳನೆಂಬ ‘ಬಕನೀರ್’ ಸೇರಿಸಿದ ಅಣಕ. ಹಿಂದೆ ನಿಂತು ನೋಡುತ್ತಿದ್ದ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಕಾಫಿ ಬೆಳೆದವನಿಗೆ ಎಷ್ಟು ಸಿಗ್ತದಂತೆ?” ಆಟದಲ್ಲಿ ಅದಕ್ಕೆ ಉತ್ತರವಿಲ್ಲ. ಹೊರಗೂ ಇಲ್ಲ.

ಇಷ್ಟೆಲ್ಲ ದಾಟಿದ ಮೇಲೆ ಬರುತ್ತದೆ ಮಂಕಿ ಕಾಂಬ್ಯಾಟ್. ಅಭಿಮಾನಿಗಳ ಅರ್ಧ ಸಿಟ್ಟು ಇದರ ಮೇಲೆಯೇ. ಮಂಗಗಳ ಜೊತೆ ಮಂಗಭಾಷೆಯಲ್ಲಿ ಕಾದಾಡಬೇಕು. ಐದು ಭಂಗಿಗಳು, ಒಂದೊಂದೂ ಎರಡರ ಮೇಲೆ ಗೆಲ್ಲುತ್ತದೆ, ಎರಡರ ಕೈಯಲ್ಲಿ ಸೋಲುತ್ತದೆ. ಒಂದು ಭಂಗಿಯಿಂದ ಇನ್ನೊಂದಕ್ಕೆ ಹಾರಲು ಆಕ್, ಈಕ್, ಊಪ್, ಚೀ ಎಂಬ ಶಬ್ದಗಳನ್ನು ಮೂರು ಮೂರಾಗಿ ಜೋಡಿಸಿದ ಮಂತ್ರ. ಕಂಡವರ ಉತ್ತರ ಕದಿಯೋಣವೆಂದರೆ ಹೊಸದಾಗಿ ಆಟ ಶುರುಮಾಡಿದಾಗಲೆಲ್ಲ ಮಂತ್ರ ಬದಲಾಗುತ್ತದೆ. ನಮ್ಮ ಮಂಗನ ಮಾತು ನಾವೇ ಬರೆದಿಟ್ಟುಕೊಳ್ಳಬೇಕು. ಕತ್ತಲೆಯಲ್ಲಿ ಕೈಗೆ ಸಿಕ್ಕಿದ್ದು ಅಪ್ಪನ ಚೆಕ್‌ರೋಲ್, ಅಂದರೆ ತೋಟದ ಹಾಜರಿ ಪುಸ್ತಕ. ಚೌಕುಳಿ ಚೌಕುಳಿ ಗೆರೆ ಎಳೆದ ಹಾಳೆ, ಇದಕ್ಕೆಂದೇ ಮಾಡಿಸಿದಂತಿತ್ತು.

ಕರೆಂಟ್ ಇಲ್ಲದಾಗ ಜಗಲಿಯಲ್ಲಿ ಕೂತು ಉರು ಹೊಡೆದೆ. ಸೀಬೆಮರದ ಅಸಲಿ ಮಂಗಗಳು ತಿನ್ನುವುದು ನಿಲ್ಲಿಸಿ ಕಿವಿಗೊಟ್ಟವು. ಅವುಗಳನ್ನು ಓಡಿಸಲೆಂದೇ ಸಾಕಿದ ನಾಯಿ ನನ್ನನ್ನು ನೋಡಿ ಬೊಗಳಿತು. “ಓದಿಸಿದ್ದಕ್ಕೆ ಇದೊಂದು ಬಾಕಿ ಇತ್ತು” ಎಂದರು ಅಮ್ಮ.

ಶನಿವಾರ ಕೂಲಿ ಬಟವಾಡೆ. ತೋಟದ ಲೆಕ್ಕ ಬರೆಯುವ ರೈಟರ್ ಚೆಕ್‌ರೋಲ್ ಹಿಡಿದು ಗಂಭೀರವಾಗಿ ಹೆಸರು ಓದುತ್ತಾ ಬಂದವರು ಒಂದು ಸಾಲಿನಲ್ಲಿ ತಡೆದರು. “ಗಾಬರಿ ಮಂಗ… ಈಕ್ ಚೀ ಈಕ್. ಕುಡುಕ ಮಂಗ… ಊಪ್ ಊಪ್ ಆಕ್.” ಐದು ಭಂಗಿಗಳಲ್ಲಿ ಒಂದರ ಹೆಸರು ಡ್ರಂಕನ್ ಮಂಕಿ, ಅದನ್ನು ನಾನು ಕನ್ನಡದಲ್ಲಿ ಬರೆದಿಟ್ಟಿದ್ದೆ. ಕೂಲಿಗೆ ನಿಂತವರ ಸಾಲಿನ ಕೊನೆಯಲ್ಲಿದ್ದ ಒಬ್ಬನ ಮುಖ ಕೆಂಪಾಯಿತು. “ಸೋಮವಾರ ಬರದಿದ್ದದ್ದು ಜ್ವರಕ್ಕೆ. ಇಷ್ಟು ಬರೆಯುವಂಥದ್ದು ಎಂತ ಮಾಡಿದೆ ನಾನು?”

ಅದು ಅವನಲ್ಲ, ಕಂಪ್ಯೂಟರಿನ ಒಳಗಿನ ಮಂಗ ಎಂದು ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

“ಆ ಕುಡುಕ ಮಂಗ ಗೆಲ್ತದಾ?”

“ಎರಡರ ಮೇಲೆ ಗೆಲ್ತದೆ, ಎರಡರ ಕೈಲಿ ಸೋಲ್ತದೆ.”

“ಹಾಗಾದ್ರೆ ಸೋಮವಾರಕ್ಕೆ ಅರ್ಧ ದಿನದ ಹಾಜರಿ ಹಾಕಿ.”