ಉದ್ಯಾನಗಳ ಹಳೆಯ ಕಟ್ಟಡಗಳು: ಕ್ಯಾಮೆರಾಕ್ಕೆ ಮುಕ್ತ ಅವಕಾಶ ಇರಬೇಕೆ?

ಪರ

ಸಾರ್ವಜನಿಕ ಉದ್ಯಾನದಲ್ಲಿರುವ ಕಲ್ಲಿನ ಮಂಟಪವನ್ನಾಗಲಿ, ಮರದ ಅರಮನೆಯನ್ನಾಗಲಿ ಚಿತ್ರ ತೆಗೆಯಲು ಯಾರ ಅಪ್ಪಣೆಯೂ ಬೇಕಾಗಬಾರದು. ಹವ್ಯಾಸಿಗಳ ಅನುಕೂಲಕ್ಕಾಗಿ ಈ ಮಾತು ಹೇಳುತ್ತಿಲ್ಲ. ಕಟ್ಟಡಗಳ ಹಿತದೃಷ್ಟಿಯಿಂದಲೇ ಹೇಳುತ್ತಿದ್ದೇನೆ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರಗಳನ್ನು ತೆಗೆದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ನೆತ್ತಿಯ ಮೇಲೆ ಆ ಚಿತ್ರದಲ್ಲಿ ಇಟ್ಟಿಗೆಯ ಶಿಖರವಿದೆ. ಇಂದು ಅಲ್ಲಿ ಶಿಖರವಿಲ್ಲ. ನಮ್ಮ ಜೇಬಿನಲ್ಲಿರುವ 50 ರೂಪಾಯಿಯ ನೋಟಿನ ರಥಕ್ಕೂ ಇಲ್ಲ. ಆ ಒಂದು ಚಿತ್ರ ಇಲ್ಲದಿದ್ದರೆ, ರಥ ಮೊದಲಿನಿಂದಲೂ ಹೀಗೇ ಇತ್ತೆಂದು ನಾವೆಲ್ಲ ನಂಬಿಕೊಂಡಿರುತ್ತಿದ್ದೆವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದುದರಿಂದ, ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು.

ಉದ್ಯಾನಗಳ ಕಟ್ಟಡಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಲಾಲ್‌ಬಾಗಿನಲ್ಲಿ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ಬಂಡೆಯ ಮೇಲೆ ಕೆಂಪೇಗೌಡ ಗೋಪುರವಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಇಂಥ ಕಲ್ಲಿನ ಮೇಲಿನ ಉಳಿಯ ಏಟುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಮಧ್ಯಾಹ್ನದ ಹೊತ್ತಿಗೆ ಅದೇ ಕಲ್ಲು ಬರಿಯ ಬೂದು ಗೋಡೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನಲ್ಲಿ 1784ರ ತೇಗದ ಅರಮನೆ ಇದೆ. ಮರದ ಕಟ್ಟಡಕ್ಕೆ ಕೇಡು ಶುರುವಾಗುವುದು ಹೆಚ್ಚಾಗಿ ಕಂಬದ ಬುಡದಲ್ಲಿ, ಮರವು ಕಲ್ಲಿನ ಪೀಠಕ್ಕೆ ಕೂಡುವ ಸಂದಿನಲ್ಲಿ, ಮಳೆಗಾಲದ ತೇವ ಆರದೆ ಉಳಿಯುವ ಕಡೆ. ಅಂಥ ಸಂದಿನ ಚಿತ್ರವನ್ನು ಒಂದೇ ಕೋನದಿಂದ ಪ್ರತಿವರ್ಷ ತೆಗೆದಿಟ್ಟರೆ, ಬಿರುಕು ಎಷ್ಟು ಬೆಳೆದಿದೆಯೆಂದು ಯಾವ ಎಂಜಿನಿಯರಿನ ನೆರವೂ ಇಲ್ಲದೆ ಹೇಳಬಹುದು. ಈ ಕೆಲಸವನ್ನು ಸಂಬಳ ಕೇಳದೆ ಮಾಡಲು ಸಿದ್ಧರಿರುವವರನ್ನೇ ನಾವು ಗೇಟಿನಲ್ಲಿ ತಡೆದು ನಿಲ್ಲಿಸುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ಒಂದು ಉದ್ಯಾನದಲ್ಲಿ (ಹೆಸರು ಬೇಡ) ಹಳೆಯ ಮಂಟಪದ ಮುಂದೆ ನಾನು ಟ್ರೈಪಾಡ್ ಬಿಡಿಸಿದ್ದೆ. ಕಾವಲುಗಾರರು ಸೀಟಿ ಊದುತ್ತ ಬಂದು, "ಸ್ಟ್ಯಾಂಡ್ ಹಾಕಂಗಿಲ್ಲ ಸಾರ್, ಶೂಟಿಂಗ್ ಅಂದ್ರೆ ಆಫೀಸಲ್ಲಿ ದುಡ್ಡು ಕಟ್ಬೇಕು" ಎಂದರು. ಅದೇ ಹೊತ್ತಿನಲ್ಲಿ ನಾಲ್ಕೈದು ಹುಡುಗರು ಮಂಟಪದ ಜಗಲಿಯನ್ನೇರಿ, ಫೋನನ್ನು ಕಂಬಕ್ಕೆ ಒರಗಿಸಿಟ್ಟು, ರೀಲ್ಸ್‌ಗೆ ಕುಣಿಯುತ್ತಿದ್ದರು. ಅವರನ್ನು ತೋರಿಸಿದರೆ, "ಅದು ಮೊಬೈಲು ಸಾರ್" ಎಂಬ ಉತ್ತರ ಬಂತು. ಆಫೀಸಿನಲ್ಲಿ ಕೊಟ್ಟ ಅರ್ಜಿಯಲ್ಲಿ 'ಉದ್ದೇಶ' ಎಂಬ ಕಾಲಮಿನಲ್ಲಿ 'ಸ್ವಂತ ಆಸಕ್ತಿ' ಎಂದು ಬರೆದೆ. ಗುಮಾಸ್ತರು ಅದನ್ನು ಎರಡು ಸಲ ಓದಿ, ಸಂಸ್ಥೆಯ ಲೆಟರ್‌ಹೆಡ್ ಎಲ್ಲಿ ಎಂದು ಕೇಳಿದರು. ಸಂಸ್ಥೆ ಇಲ್ಲವೆಂದೆ. ಹಾಗಾದರೆ ಯಾರ ಪರವಾಗಿ ತೆಗೆಯುತ್ತೀರಿ ಎಂದರು. ನನ್ನ ಪರವಾಗಿಯೇ ಎಂದಾಗ ಪಕ್ಕದ ಮೇಜಿನವರು ನಕ್ಕರು. ಸಾಹೇಬರು ಹನ್ನೊಂದು ಗಂಟೆಗೆ ಬರುತ್ತಾರೆಂದು ತಿಳಿಯುವ ಹೊತ್ತಿಗೆ, ನಾನು ಕಾದು ಕೂತಿದ್ದ ಬಿಸಿಲು ಮಂಟಪದ ಚಾವಣಿಯನ್ನು ದಾಟಿತ್ತು.

ಮೊಬೈಲಿಗೊಂದು ನ್ಯಾಯ, ಕ್ಯಾಮೆರಾಕ್ಕೊಂದು ನ್ಯಾಯ ಏಕೆ ಎಂಬ ಪ್ರಶ್ನೆಗೆ ಇಂದಿಗೂ ಯಾರೂ ಸಮಾಧಾನ ಹೇಳಿಲ್ಲ. ಕಟ್ಟಡದ ಚಿತ್ರ ತೆಗೆದು ಪ್ರಕಟಿಸಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆಯಾಗದು ಎಂದು 1957ರ ಕಾಯ್ದೆಯೇ ಹೇಳುತ್ತದೆ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ 2018ರಲ್ಲಿ, ಅಜಂತಾ ಗುಹೆಗಳು, ಲೇಹ್ ಅರಮನೆ ಮತ್ತು ತಾಜ್ ಮಹಲಿನ ಸಮಾಧಿ ಭಾಗವನ್ನು ಬಿಟ್ಟು, ತನ್ನ ರಕ್ಷಣೆಯ ಸ್ಮಾರಕಗಳಲ್ಲಿ ಚಿತ್ರ ತೆಗೆಯಲು ಅನುಮತಿ ನೀಡಿತು. ಅಷ್ಟು ದೊಡ್ಡ ಇಲಾಖೆಗೆ ಇಲ್ಲದ ಭಯ ಊರ ಪಾರ್ಕಿನ ಗೇಟಿಗೆ ಏಕೆ? ಮದುವೆ ಶೂಟಿಂಗಿನವರ ಹಾವಳಿಯ ಮಾತನ್ನು ಎತ್ತುವವರಿದ್ದಾರೆ. ಅದು ಬೇರೆಯೇ ವಿಷಯ, ಅದನ್ನು ಪೊಲೀಸರು ನೋಡಿಕೊಳ್ಳಲಿ. ಲೆನ್ಸು ದಿಟ್ಟಿಸಿ ನೋಡಿದರೆ ಕಲ್ಲು ಸವೆಯುತ್ತದೆ ಎನ್ನುವವರ ಜೊತೆ ವಾದಕ್ಕಿಳಿಯುವ ಶಕ್ತಿ ನನಗಿಲ್ಲ. ಮೊಬೈಲಿಗೊಂದು, ಕ್ಯಾಮೆರಾಕ್ಕೊಂದು ಎಂಬ ಈ ಭೇದ ಮೊದಲು ಹೋಗಲಿ.

ವಿರೋಧ

ನಿರ್ಬಂಧದ ಪರವಾಗಿ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ. ನಾನು ಕ್ಯಾಮೆರಾದ ವಿರೋಧಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೂ ಪೂರ್ಣ ಮುಕ್ತತೆಯೆಂಬುದು ನಮ್ಮ ಉದ್ಯಾನಗಳ ಮಟ್ಟಿಗೆ ಅಪಾಯದ ಮಾತು ಎನ್ನಲು ಸಾಕಷ್ಟು ಕಾರಣಗಳಿವೆ.

ದರಿಯಾ ದೌಲತ್‌ನ ಗೋಡೆಗಳ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರಗಳಿವೆ. ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ಪಡೆಯನ್ನು ಸೋಲಿಸಿದ ಯುದ್ಧ ಅದು. ಆ ಚಿತ್ರಗಳು ಈಗಾಗಲೇ ಮಾಸಿ, ಹತ್ತೊಂಬತ್ತನೆಯ ಶತಮಾನದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲಕ್ಕೆ ಮತ್ತೆ ಬಣ್ಣ ಕಂಡಿವೆ. ಫ್ಲ್ಯಾಷ್‌ನ ಒಂದು ಮಿಂಚಿನಿಂದ ಆಗುವ ಹಾನಿ ತೀರ ಅಲ್ಪವೆಂದು ಹೇಳುವವರಿದ್ದಾರೆ, ಅದನ್ನು ನಾನು ಅಲ್ಲಗಳೆಯಲಾರೆ. ಹಾಗಿದ್ದರೂ ಬಣ್ಣದ ಗೋಡೆಯ ವಿಷಯದಲ್ಲಿ ಎಚ್ಚರ ತಪ್ಪುವುದಕ್ಕಿಂತ ಎಚ್ಚರ ಹೆಚ್ಚಾಗುವುದೇ ಮೇಲು.

ನಿಜವಾದ ತೊಂದರೆ ಕ್ಯಾಮೆರಾದ ಹಿಂದೆ ಬರುವ ಪರಿವಾರದ್ದು. ಮದುವೆಗೆ ಮುಂಚಿನ ಶೂಟಿಂಗ್ ಎಂದರೆ ಇಬ್ಬರು ಫೋಟೊಗ್ರಾಫರ್‌ಗಳು, ಡ್ರೋನ್ ಹಾರಿಸುವವ, ಬಣ್ಣದ ಹೊಗೆಯ ಡಬ್ಬಿ, ಉಡುಪಿನ ಸೂಟ್‌ಕೇಸುಗಳು, ತೇಗದ ಕಂಬಕ್ಕೆ ಒರಗಿಸಿಡುವ ರಿಫ್ಲೆಕ್ಟರ್, ಹಳೆಯ ನೆಲಹಾಸನ್ನು ಗೀರುವ ಲೈಟ್ ಸ್ಟ್ಯಾಂಡಿನ ಕಬ್ಬಿಣದ ಕಾಲುಗಳು. ಅಲ್ಲಿಗೆ ವಾಕಿಂಗ್‌ಗೆ ಬಂದ ಹಿರಿಯರನ್ನು "ಸ್ವಲ್ಪ ಆಚೆ ಹೋಗಿ ಅಂಕಲ್, ಫ್ರೇಮಲ್ಲಿ ಬರ್ತಿದೀರ" ಎಂದು ಸರಿಸುವುದೂ ಉಂಟು. ದಾಖಲೆ, ಸಂಶೋಧನೆ ಎಂಬ ದೊಡ್ಡ ಮಾತುಗಳು ಕೇಳಲು ಚೆನ್ನಾಗಿರುತ್ತವೆ; ಆದರೆ ಭಾನುವಾರ ಗೇಟಿನಲ್ಲಿ ಸಾಲುಗಟ್ಟುವವರೆಲ್ಲ ಮುಂದಿನ ಶತಮಾನಕ್ಕೆ ಬಿರುಕು ಅಳೆದು ಕೊಡಲು ಬಂದವರಲ್ಲ.

ಹಂಪಿಯಲ್ಲಿ ಯುವಕರು ಕಲ್ಲಿನ ಕಂಬವನ್ನು ತಳ್ಳಿ ಉರುಳಿಸಿದ ವಿಡಿಯೊ 2019ರಲ್ಲಿ ಎಲ್ಲೆಡೆ ಹರಿದಾಡಿತು. ಅವರು ತಲಾ 70,000 ರೂಪಾಯಿ ದಂಡ ಕಟ್ಟಿದ್ದಲ್ಲದೆ ಕಂಬವನ್ನು ಮತ್ತೆ ನಿಲ್ಲಿಸಲು ಕೈಜೋಡಿಸಬೇಕಾಯಿತು. ಅದು ಉದ್ಯಾನವಲ್ಲ, ಆ ಹುಡುಗರು ಛಾಯಾಗ್ರಾಹಕರೂ ಅಲ್ಲ ಎನ್ನಬಹುದು. ಒಪ್ಪುತ್ತೇನೆ. ಆದರೆ ಆ ಕೃತ್ಯವನ್ನು ಚಿತ್ರೀಕರಿಸಿಕೊಳ್ಳುವವನೊಬ್ಬ ಎದುರಿಗಿರದಿದ್ದರೆ ಆ ಕಂಬಕ್ಕೆ ಕೈ ಹಾಕುವ ಹುಮ್ಮಸ್ಸು ಅವರಿಗೆ ಬರುತ್ತಿತ್ತೇ?

ಅನುಮತಿಗಾಗಿ ಜನರನ್ನು ಆಫೀಸಿಗೆ ಅಲೆಸುವುದು ಸರಿಯಲ್ಲ, ಅದನ್ನು ಗೇಟಿನಲ್ಲೇ ಕೊಡಲಿ. ಒಬ್ಬರೇ ಬಂದವರ ಟ್ರೈಪಾಡಿಗೆ ಶುಲ್ಕವೂ ಬೇಡ. ಗುಂಪಾಗಿ ಬರುವವರಿಗೆ ಮಾತ್ರ ಹೊತ್ತು ಗೊತ್ತುಮಾಡಿ, ಎಷ್ಟು ಜನ, ಏನು ಸಾಮಾನು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಸಿಕೊಂಡು, ಕಟ್ಟಡದ ಜಗಲಿಯನ್ನು ಹತ್ತದಂತೆ ಹಗ್ಗ ಕಟ್ಟಲಿ.