ಅಂಚಿನಲ್ಲಿ ಶಂಖವಿರುವ ಪಂಚೆ

ಕಳೆದ ವೈಶಾಖದಲ್ಲಿ ಶಿರಸಿ ಹತ್ತಿರದ ನಮ್ಮೂರಲ್ಲಿ ಅಣ್ಣನ ಮಗನ ಉಪನಯನ. ನಾನು ಉಟ್ಟಿದ್ದು ಒಡಿಶಾದ ಸಂಬಲ್ಪುರದಿಂದ ತಂದ ಹತ್ತಿಯ ಪಂಚೆ, ಹೆಗಲ ಮೇಲೆ ಅದರದೇ ಜೋಡಿ ಶಲ್ಯ. ಮೈಯೆಲ್ಲ ಬಿಳಿ, ಅಂಚಿನಲ್ಲಿ ಮಾತ್ರ ಕೆಂಪು ಕಪ್ಪಿನ ಶಂಖದ ಸಾಲು. ಊಟಕ್ಕೆ ಎಲೆ ಹಾಕುವ ಮೊದಲು ದೊಡ್ಡಪ್ಪ ಶಲ್ಯದ ತುದಿ ಹಿಡಿದು ಮಗುಚಿ ನೋಡಿದರು. “ತಮಾ, ಇದಕ್ಕೆ ಒಳಮೈ ಯಾವ್ದು, ಹೊರಮೈ ಯಾವ್ದು? ಎರಡೂ ಬದಿ ಒಂದೇ ನಮೂನೆ ಇದ್ದಲಾ!”

ಅವರ ಬೆರಳು ಹೋದ ಜಾಗ ಸರಿಯಾಗಿತ್ತು. ಈ ಬಟ್ಟೆಯ ಗುಟ್ಟು ಇರುವುದೇ ಅಲ್ಲಿ. ಇಲ್ಲಿ ಬಣ್ಣ ಬೀಳುವುದು ನೇಯ್ದ ಬಟ್ಟೆಗಲ್ಲ, ನೇಯುವ ಮೊದಲೇ ನೂಲಿಗೆ. ನೂಲಿನ ಎಳೆಗಳನ್ನು ಚೌಕಟ್ಟಿಗೆ ಬಿಗಿದು, ಎಲ್ಲಿ ಬಣ್ಣ ಹತ್ತಬಾರದೋ ಅಲ್ಲಿ ದಾರದಿಂದ ಗಟ್ಟಿಯಾಗಿ ಕಟ್ಟುತ್ತಾರೆ. ಅದ್ದುತ್ತಾರೆ, ಬಿಚ್ಚುತ್ತಾರೆ, ಮತ್ತೊಂದು ಬಣ್ಣಕ್ಕೆ ಮತ್ತೆ ಕಟ್ಟುತ್ತಾರೆ. ಮಗ್ಗಕ್ಕೆ ಏರುವ ಹೊತ್ತಿಗೆ ಶಂಖ ಚೂರುಚೂರಾಗಿ ಆ ಎಳೆಗಳಲ್ಲೇ ಕೂತಿರುತ್ತದೆ. ನೇಕಾರ ಒಂದೊಂದು ಎಳೆಯನ್ನೂ ಹೊಂದಿಸಿ ಅದನ್ನು ಕೂಡಿಸಬೇಕು. ಹೊಕ್ಕು ಕೂದಲೆಳೆಯಷ್ಟು ಸರಿದರೂ ಆಕೃತಿಯ ಅಂಚು ಹಬೆ ಹಿಡಿದಂತೆ ಮಸುಕಾಗುತ್ತದೆ. ಆ ಮಸುಕು ನನಗೆ ತುಂಬ ಇಷ್ಟ. ಹೀಗೆ ನೂಲು ಕಟ್ಟಿ ಬಣ್ಣ ಹಾಕಿ ನೇಯ್ದದ್ದಕ್ಕೆ ಇಕತ್ ಎನ್ನುತ್ತಾರೆ. ಅಂಗಡಿಯಲ್ಲಿ ಅದೇ ಹೆಸರಲ್ಲಿ ಮಾರುವ ಅಚ್ಚಿನ ಬಟ್ಟೆಗೆ ಗೆರೆ ಚೂಪು, ಹಿಂಬದಿ ಪೇಲವ. ದೊಡ್ಡಪ್ಪ ಮಾಡಿದಂತೆ ಮಗುಚಿ ನೋಡಿದರೆ ಸಾಕು, ಗೊತ್ತಾಗುತ್ತದೆ.

ಒಡಿಶಾದಲ್ಲಿ ಇದಕ್ಕೆ ‘ಬಾಂಧ’ ಎನ್ನುತ್ತಾರೆ, ಕಟ್ಟು ಎಂದೇ ಅರ್ಥ. ಮಲಯ ಕಡೆಯ ‘ಇಕತ್’ ಪದದ ಅರ್ಥವೂ ಅದೇ. ಬರಗಡ, ಸೋನಪುರ ಸೀಮೆಯ ಮೆಹೆರ್ ಎಂಬ ನೇಕಾರ ಮನೆತನಗಳಲ್ಲಿ ಗಂಡಸರು ಮಗ್ಗದಲ್ಲಿದ್ದರೆ ಹೆಂಗಸರು ನೂಲು ಸುತ್ತುವುದು, ಕಟ್ಟುವುದು. ಹನ್ನೆರಡು ವರ್ಷ ಬ್ಯಾಂಕಿನ ಕೆಲಸದಲ್ಲಿ ಅಲ್ಲಿದ್ದು ನಾನು ಕಂಡದ್ದಿಷ್ಟು: ಅಲ್ಲಿಯ ಗಂಡಸಿಗೆ ಹಬ್ಬದ ಬಟ್ಟೆಯೆಂದರೆ ತನ್ನ ಸೀಮೆಯ ಮಗ್ಗದ ಬಟ್ಟೆ. ಭಾದ್ರಪದ ಶುದ್ಧ ಪಂಚಮಿ, ಅಂದರೆ ನಮ್ಮ ಚೌತಿಯ ಮರುದಿನ, ಅವರಿಗೆ ನುವಾಖಾಯಿ. ಹೊಸ ಅಕ್ಕಿ ಮೊದಲು ಸಮಲೇಶ್ವರಿ ದೇವಿಗೆ, ಆಮೇಲೆ ಮನೆಯವರಿಗೆ. ಊಟ ಮುಗಿದ ಮೇಲೆ ಹೊಸ ಬಟ್ಟೆಯಲ್ಲಿ ಹಿರಿಯರ ಕಾಲಿಗೆ ಬೀಳುವುದು. ಕದಿರು ತಂದು ಹೊಸ್ತು ಮಾಡುವ ನಮ್ಮ ಕರಾವಳಿಗೆ ಇದು ಬೇರೆಯವರ ಹಬ್ಬ ಅನ್ನಿಸುವುದೇ ಇಲ್ಲ. ಮನೆಗೆ ಬಂದ ಗೌರವಸ್ಥರಿಗೆ ಹೊದಿಸುವ ಉತ್ತರೀಯವೂ ಬಾಂಧದ್ದೇ.

ನಮ್ಮಲ್ಲಿ? ಅದೇ ಉಪನಯನದಲ್ಲಿ ಉಡುಗೊರೆಯಾಗಿ ಹಂಚಿದ ಪಂಚೆಗಳನ್ನು ನೋಡಿ ಸಂಕಟವಾಯಿತು. ಡಜನ್ ಲೆಕ್ಕದಲ್ಲಿ ತಂದ, ಜರಿಯಂತೆ ಹೊಳೆಯುವ ಅಂಚಿನ, ಪಾಲಿಯೆಸ್ಟರ್ ಬೆರೆತ ಬಟ್ಟೆ. ಬೆವರು ಹೀರುವುದಿಲ್ಲ, ಕಾರವಾರ, ಅಂಕೋಲೆಯ ಮೇ ತಿಂಗಳ ಸೆಖೆಯಲ್ಲಿ ಉಟ್ಟು ಕೂರಲಾಗುವುದಿಲ್ಲ. ಹೋಮದ ಕಿಡಿ ಹಾರಿದರೆ ಕರಗಿ ಮೈಗೆ ಅಂಟುತ್ತದೆ. ಹಾಗಾಗಿ ಯಾರೂ ಉಡುವುದಿಲ್ಲ. ಪೆಟ್ಟಿಗೆ ಸೇರಿ, ಮುಂದಿನ ಮದುವೆಯಲ್ಲಿ ಮತ್ತೊಬ್ಬರ ಕೈ ಸೇರುತ್ತದೆ. ಹೆಂಗಸರ ಸೀರೆಗೆ ಇಳಕಲ್ಲೋ ಮೊಳಕಾಲ್ಮೂರೋ ಎಂದು ಊರಿನ ಹೆಸರು ಕೇಳುವ ನಾವು, ಗಂಡಸಿನ ಪಂಚೆ ಎಲ್ಲಿಯದೆಂದು ಕೇಳುವುದಿಲ್ಲ. ಕಾನೂನು ಮಾತ್ರ ಹಾಗೆ ಭೇದ ಮಾಡಿಲ್ಲ: ಕೈಮಗ್ಗಕ್ಕೆಂದೇ ಕೆಲವು ಬಟ್ಟೆ ಕಾಯ್ದಿಟ್ಟ 1985ರ ಕಾಯ್ದೆಯಲ್ಲಿ ಸೀರೆಯ ಜೊತೆ ಧೋತಿಯೂ ಇದೆ.

ನಮ್ಮ ಬಿಳಿ ಪಂಚೆ ಬಿಟ್ಟು ಎಲ್ಲರೂ ಬಾಂಧ ಉಡಿ ಎಂದು ನಾನು ಹೇಳುವುದಿಲ್ಲ. ಮಡಿಗೆ ಬಿಳಿಯೇ ಆಗಬೇಕು ಎನ್ನುವ ನಮ್ಮ ಭಟ್ಟರ ಮಾತಿಗೂ ನನಗೆ ಗೌರವವಿದೆ. ದಿನವೂ ಒಗೆದು, ಗಂಜಿ ಹಾಕಿ, ಮಡಿಕೆ ಬೀಳದಂತೆ ಒಣಗಿಸುವ ನಮ್ಮ ಶಿಸ್ತು ಅಲ್ಲಿ ನಾನು ಕಂಡಿಲ್ಲ. ಅಲ್ಲಿಂದ ಕಲಿಯಬೇಕಾದದ್ದು ನೇಯ್ದವನನ್ನು ಅರಿತು ಉಡುವುದು. ಇದು ನಮಗೆ ಹೊಸದೂ ಅಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದ, ಮುಂದೆ ಶಿರಸಿ, ಸಿದ್ದಾಪುರದಲ್ಲಿ ಕರ ಕೊಡುವುದಿಲ್ಲವೆಂದು ನಿಂತ ಜನ ಖಾದಿಯನ್ನು ವ್ರತದಂತೆ ಉಟ್ಟವರು. ನಮ್ಮಜ್ಜನ ದೇವರಪೂಜೆಯ ಪಂಚೆಯೂ ಖಾದಿಯದೇ. ರಾಷ್ಟ್ರಧ್ವಜದ ಖಾದಿ ನೇಯುವ ಗರಗ ನಮ್ಮ ಪಕ್ಕದ ಧಾರವಾಡ ಜಿಲ್ಲೆಯಲ್ಲೇ ಇದೆ. ಒಡಿಶಾದವರೆಗೆ ಹೋಗಬೇಕಾಗಿಲ್ಲ. ಇಪ್ಪತ್ತು ಜನಕ್ಕೆ ಹೊಳೆಯುವ ಪಂಚೆ ಕೊಡುವ ಬದಲು ಐದು ಜನ ಹಿರಿಯರಿಗೆ ಕೈಮಗ್ಗದ್ದು ಕೊಡೋಣ, ಉಳಿದವರಿಗೆ ತೆಂಗಿನಕಾಯಿ, ವೀಳ್ಯ ಸಾಕು.

ಬರುವ ವರ್ಷ ತಂಗಿಯ ಮಗಳ ಮದುವೆ. ಗರಗದ ಬಿಳಿ ಪಂಚೆ ಐದು ಜೊತೆ ತರುವುದೆಂದು ಭಾವ ಒಪ್ಪಿದ್ದಾನೆ. ದೊಡ್ಡಪ್ಪನಿಗೆ ಮಾತ್ರ ಬೇರೆ: ಬರಗಡದ ನೇಕಾರರ ಮನೆಗೆ ಹೋಗಿ, ಬಿಳಿ ಮೈ, ಬೆರಳಗಲದ ಅಂಚು, ಒಂದೇ ಸಾಲು ಶಂಖ ಎಂದು ಹೇಳಿ ಬಂದಿದ್ದೇನೆ. ದೀಪಾವಳಿ ಕಳೆದ ಮೇಲೆ ನೂಲು ಕಟ್ಟಲು ಕೂರುತ್ತಾರಂತೆ.